ಮಾವನ ರಿಫಂಡಿಗೆ ಇನ್ನೊಂದು ಸಹಿ

ನನ್ನ ಸೋದರಮಾವನಿಗೆ ದುಡ್ಡು ಕೊಡಲು ಆದಾಯ ತೆರಿಗೆ ಇಲಾಖೆಯವರು ಎರಡು ವರ್ಷ ಪರದಾಡಿದರು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಊರಿನವರೆಲ್ಲ ‘ರಿಫಂಡು ಯಾಕೆ ಬರಲಿಲ್ಲ, ಎಲ್ಲಿ ಸಿಕ್ಕಿಕೊಂಡಿದೆ’ ಎಂದು ಇಲಾಖೆಯ ಬೆನ್ನು ಹತ್ತಿದ್ದರೆ, ನನ್ನ ಮಾವನ ವಿಷಯದಲ್ಲಿ ಇಲಾಖೆಯೇ ಅವನ ಬೆನ್ನು ಹತ್ತಿತ್ತು. ‘ನಿಮ್ಮ ರಿಫಂಡು ವಿಫಲವಾಗಿದೆ, ದಯವಿಟ್ಟು ಬ್ಯಾಂಕ್ ಖಾತೆಯನ್ನು ಸರಿಪಡಿಸಿಕೊಳ್ಳಿ’ ಎಂದು ಮೆಸೇಜಿನ ಮೇಲೆ ಮೆಸೇಜು. ಮಾವ ಒಂದೊಂದನ್ನೂ ಮೊಬೈಲು ದೂರ ಹಿಡಿದು ಓದುತ್ತಿದ್ದ. ಓದಿ, ಮೊಬೈಲನ್ನು ಅಂಗಿಯ ಜೇಬಿಗಿಳಿಸಿ, ಪರಮ ಸಮಾಧಾನದಿಂದ ಹೇಳುತ್ತಿದ್ದ: “ಕಾಯ್ಲಿ. ಗಡಿಬಿಡಿ ಎಂತ ಅದೆ?”

ಅವನಿಗಿಲ್ಲದ ಗಡಿಬಿಡಿ ನನಗಿತ್ತು. ಯಾಕೆಂದರೆ ಅವನ ರಿಟರ್ನ್ ತುಂಬಿದವಳು ನಾನು. ಕುಮಟೆಯ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ, ನನ್ನ ಗಂಡನ ಔಷಧಿ ಅಂಗಡಿಯ ಮಹಡಿಯ ಮೇಲೆ ನನ್ನದೊಂದು ಪುಟ್ಟ ಆಫೀಸಿದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮೇಷ್ಟರುಗಳು, ನರ್ಸುಗಳು, ಬೋಟಿನ ಮಾಲೀಕರು, ಸಣ್ಣ ಅಂಗಡಿಯವರು ಎಲ್ಲ ಇಲ್ಲಿಗೆ ಬಂದು ತೆರಿಗೆಯ ಕಾಗದ ತುಂಬಿಸಿಕೊಂಡು ಹೋಗುತ್ತಾರೆ. ತುಂಬಿದ ಮರುದಿನದಿಂದಲೇ “ತಂಗೀ, ರಿಫಂಡು ಬಂತಾ?” ಎಂದು ಫೋನು ಮಾಡುತ್ತಾರೆ. ಒಬ್ಬ ಮಾತ್ರ ಹಾಗೆ ಕೇಳುತ್ತಿರಲಿಲ್ಲ. ಅವನು ಕೇಳುತ್ತಿದ್ದದ್ದು, “ಇನ್ನೂ ಬರಲಿಲ್ಲ ಅಲ್ದಾ?” ನಾನು ಇಲ್ಲ ಎಂದ ಕೂಡಲೇ “ಆತು, ಹಂಗಾರೆ ಸೋಮವಾರ ಬತ್ತೆ. ರೈಟ್!” ಎಂದು ಫೋನು ಇಡುತ್ತಿದ್ದ.

ಆ ‘ರೈಟ್’ ಎಲ್ಲಿಂದ ಬಂತು ಎಂದು ಹೇಳಬೇಕು. ಮಾವ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದ. ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆ, ಮತ್ತೆ ಕುಮಟೆಯಿಂದ ಭಟ್ಕಳ. ಅವನ ಆಯುಷ್ಯವೆಲ್ಲ ಈ ಮೂರು ಊರುಗಳ ನಡುವೆ ನಿಂತುಕೊಂಡೇ ಕಳೆದಿದೆ. ನಿಂತುಕೊಂಡೇ ಎಂದದ್ದು ಮಾತಿಗಲ್ಲ. ನಿವೃತ್ತಿಯಾಗಿ ಐದು ವರ್ಷವಾದರೂ ಅವನಿಗೆ ಬಸ್ಸಿನಲ್ಲಿ ಕೂರಲು ಬರುವುದಿಲ್ಲ! ಬಸ್ಸು ಖಾಲಿಯಿದ್ದರೂ ಹಿಂದಿನ ಬಾಗಿಲ ಹತ್ತಿರ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಕರ್ಕಿ ಬಂತೆಂದರೆ ಬಾಯಿ ತಾನಾಗಿಯೇ ತೆರೆಯುತ್ತದೆ: “ಕರ್ಕಿ, ಕರ್ಕಿ! ಹಿಂದೆ ಯಾರಾದ್ರೂ ಇದ್ರಾ?” ನಿಜವಾದ ಕಂಡಕ್ಟರು ಹುಡುಗ ತಿರುಗಿ ನೋಡುತ್ತಾನೆ. ಮಾವ ಕಿಟಕಿಯಾಚೆಗೆ ನೋಡುತ್ತಾನೆ.

ಮನೆಯಲ್ಲೂ ಹಾಗೆಯೇ. ಹೊನ್ನಾವರದ ಅವನ ಎರಡು ಕೋಣೆಯ ಮನೆಯಲ್ಲಿ ಅವನೊಬ್ಬನೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ “ಡ್ಯೂಟಿ ಮೇಲಿದ್ದೆ” ಎನ್ನುತ್ತಾನೆ, ಮುಹೂರ್ತ ಬೆಳಗಿನ ಪಾಳಿಯಲ್ಲಿ ಬಂದು ಹೊರಟುಹೋಯಿತು ಎಂಬಂತೆ. ಮದುವೆ ಮನೆಗಳಲ್ಲಿ ಊಟದ ಹಾಲಿನ ಬಾಗಿಲಲ್ಲಿ ನೂಕುನುಗ್ಗಲಾದರೆ ಅವನ ಕೈಕಾಲು ಸುಮ್ಮನಿರುವುದಿಲ್ಲ. “ಒಳಗೆ ಹೋಗಿ, ಒಳಗೆ ಹೋಗಿ, ನಡುವೆ ಪೂರಾ ಖಾಲಿ ಅದೆ!” ಎಂದು ಗಂಡಿನ ಕಡೆಯ ಹಿರಿಯರನ್ನು ಬೆನ್ನು ತಟ್ಟಿ ಒಳಗೆ ನೂಕುತ್ತಾನೆ. ಒಮ್ಮೆ ಹೀಗೆ ನೂಕಿಸಿಕೊಂಡ ಬೀಗರೊಬ್ಬರು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ “ಒಂದು ಮುರ್ಡೇಶ್ವರ” ಎಂದರಂತೆ!

ಇಂಥವನಿಗೆ ತೆರಿಗೆಯ ರಿಫಂಡು ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ನಿವೃತ್ತಿಯಾದಾಗ ಬಂದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ. ಬಡ್ಡಿ ಬಂತು. ಹಿರಿಯ ನಾಗರಿಕರು ‘ನನಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲ’ ಎಂದು ವರ್ಷದ ಮೊದಲಿಗೆ ಒಂದು ಫಾರ್ಮು ಬರೆದುಕೊಟ್ಟರೆ ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಹಿಡಿಯುವುದಿಲ್ಲ. ಒಂದು ಸಹಿಯ ಕೆಲಸ. ಮಾವ ಒಪ್ಪಲಿಲ್ಲ.

“ನಂಗೆ ಆದಾಯ ಇಲ್ಲ ಅಂತ ನಾನೇ ಬರ್ಕೊಡೂದಾ? ಎಂತಕ್ಕೆ? ನಾ ಎಂತ ಭಿಕ್ಷೆ ಬೇಡ್ತೆನಾ?”

ಸರಿ, ಬ್ಯಾಂಕಿನವರು ತೆರಿಗೆ ಹಿಡಿದರು. ಹಿಡಿದದ್ದನ್ನು ವಾಪಸು ತರಿಸಲು ನಾನು ರಿಟರ್ನ್ ತುಂಬಬೇಕಾಯಿತು. ಒಂದು ಸಹಿ ಉಳಿಸಲು ಹೋಗಿ ಮಾವ ಕುಮಟೆಗೆ ಎಷ್ಟು ಸಲ ಬಂದನೋ ಅವನ ಟಿಕೆಟ್ಟುಗಳನ್ನೇ ಕೇಳಬೇಕು.

ಮೊದಲ ವರ್ಷ ರಿಫಂಡು ತಡವಾದದ್ದು ಓಟಿಪಿಯಿಂದ. ರಿಟರ್ನ್ ತುಂಬಿದರೆ ಮುಗಿಯಲಿಲ್ಲ, ಮೂವತ್ತು ದಿನದೊಳಗೆ ಅದನ್ನು ದೃಢೀಕರಿಸಬೇಕು. ಇಲ್ಲವಾದರೆ ತುಂಬಿದ್ದೂ ಒಂದೇ, ಬಿಟ್ಟದ್ದೂ ಒಂದೇ. ರಿಫಂಡು ಬಾರದ ಎಷ್ಟೋ ಜನರ ತಪ್ಪು ಇಷ್ಟೇ ಇರುತ್ತದೆ. ಮಾವನ ಮೊಬೈಲಿಗೆ ಸಂಖ್ಯೆ ಬಂತು. ನಾನು ಕೇಳಿದೆ, “ಎಷ್ಟು ಮಾವ?”

“ಹೇಳೂದಿಲ್ಲ.”

“ಯಾಕೆ?”

“ಯಾರಿಗೂ ಹೇಳ್ಬೇಡಿ ಅಂತ ಬರ್ದಿದ್ರು, ಓದು!”

“ನಾನು ನಿನ್ನ ಸೊಸೆ ಮಾವ, ಅಕ್ಕಪಕ್ಕದವಳಲ್ಲ!”

“ಡ್ಯೂಟೀಲಿ ಸೊಸೆ, ಮಗಳು ಅಂತಿಲ್ಲ. ನನ್ನ ಬಸ್ಸಲ್ಲಿ ನನ್ನ ಅಬ್ಬೆಗೂ ಟಿಕೆಟ್ ಹರ್ದೇ ಕೊಟ್ಟವ ನಾನು.”

ತಾನೇ ಒತ್ತುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕುಳಿತ. ಒಂದು ಬೆರಳಿನಿಂದ ಒಂದೊಂದೇ ಅಂಕೆ ಹುಡುಕಿ ಒತ್ತುವಷ್ಟರಲ್ಲಿ ಸಮಯ ಮೀರಿತು. ಮತ್ತೊಂದು ಸಂಖ್ಯೆ ಬಂತು, ಮತ್ತೆ ಮೀರಿತು. ನಾಲ್ಕನೆಯ ಸಲ ಕಂಪ್ಯೂಟರೇ ಮುನಿಸಿಕೊಂಡು ನಾಳೆ ಬನ್ನಿ ಎಂದಿತು. ಆ ನಾಳೆ ಬರುವಷ್ಟರಲ್ಲಿ ಮಾವ ಜ್ವರ ಬಂದು ಮಲಗಿದ, ಮೂವತ್ತು ದಿನ ಕಳೆಯಿತು. ಆಮೇಲೆ ತಡವಾದದ್ದಕ್ಕೆ ಕಾರಣ ಕೊಟ್ಟು ಮನ್ನಿಸುವಂತೆ ಅರ್ಜಿ ಹಾಕಬೇಕಾಯಿತು. ಕಾರಣ ಬರೆಯುವುದರಲ್ಲಿ ಮಾವ ನುರಿತವನು, ಡಿಪೋದಲ್ಲಿ ಎಷ್ಟು ಮೆಮೋಗಳಿಗೆ ಉತ್ತರ ಕೊಟ್ಟಿದ್ದಾನೆ! “ಬರ್ಕೊ” ಎಂದು ಹೇಳತೊಡಗಿದ: “ಸದರಿ ದಿನ ಮಂಕಿಯ ಹತ್ತಿರ ರಸ್ತೆ ಕಾಮಗಾರಿ ಇದ್ದ ಕಾರಣ…”

ಎರಡನೆಯ ವರ್ಷ ಹೆಸರಿನ ರಗಳೆ. ಆಧಾರಿನಲ್ಲಿ ನನ್ನ ಅಜ್ಜನ ಹೆಸರು ಮೊದಲು, ಮಾವನ ಹೆಸರು ಆಮೇಲೆ. ಪ್ಯಾನಿನಲ್ಲಿ ಮಾವ ಮೊದಲು, ಅಜ್ಜ ಕೊನೆಗೆ. ಬ್ಯಾಂಕಿನ ಪುಸ್ತಕದಲ್ಲಿ ಅಜ್ಜನೇ ಇಲ್ಲ! ಮೂರು ಕಡೆ ಮೂರು ಹೆಸರಿದ್ದರೆ ದುಡ್ಡು ಯಾರ ಕೈಗೆ ಕೊಡಬೇಕು ಎಂದು ಇಲಾಖೆಗೆ ಅನುಮಾನ ಬರುವುದಿಲ್ಲವೇ? ಮಾವನಿಗೆ ಮಾತ್ರ ಇದು ಅರ್ಥವಾಗಲೇ ಇಲ್ಲ. “ಅಪ್ಪ ಮುಂದಿನ ಬಾಗಿಲಲ್ಲಿ ಹತ್ತಿದ್ರೆ ಎಂತ, ಹಿಂದಿನ ಬಾಗಿಲಲ್ಲಿ ಹತ್ತಿದ್ರೆ ಎಂತ? ಬಸ್ಸು ಒಂದೇ ಅಲ್ದಾ?” ಎಂದು ವಾದಿಸಿದ. ಕೊನೆಗೆ ಅಜ್ಜನನ್ನು ಮೂರೂ ಕಡೆ ಒಂದೇ ಬಾಗಿಲಲ್ಲಿ ಹತ್ತಿಸಿ ಕೂರಿಸುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಆದರೂ ಆ ಎರಡು ವರ್ಷಗಳ ರಿಫಂಡು ತಡವಾಗಿಯಾದರೂ ಬಂತು, ಅವನ ಪಿಂಚಣಿಯ ಖಾತೆಗೆ ಜಮೆಯಾಯಿತು.

ಇಷ್ಟು ಪೆಟ್ಟು ತಿಂದವನು ಪಂಡಿತನಾಗದೆ ಇರುತ್ತಾನೆಯೇ? ಪ್ರತಿ ಸೋಮವಾರ ಬೆಳಿಗ್ಗೆ ಹೊನ್ನಾವರದಿಂದ ಬಸ್ಸು ಹತ್ತಿ ಬಂದು ನನ್ನ ಆಫೀಸಿನ ಬಾಗಿಲಲ್ಲಿ ನಿಲ್ಲತೊಡಗಿದ. ಯಾರೂ ಕರೆದಿರಲಿಲ್ಲ. ಬಂದವರನ್ನು ಮೆಟ್ಟಿಲ ಮೇಲೆಯೇ ತಡೆದು ಮೂರು ಪ್ರಶ್ನೆ ಕೇಳುತ್ತಿದ್ದ: “ಹೆಸ್ರು ಎಲ್ಲಾ ಕಡೆ ಒಂದೇ ಅದ್ಯಾ? ವೆರಿಫೈ ಮಾಡಿದ್ರಾ? ಖಾತೆ ಜೀವಂತ ಅದ್ಯಾ?” ಉತ್ತರ ಸರಿಯಿದ್ದರೆ ಒಳಗೆ. ಇಲ್ಲದಿದ್ದರೆ ಕಾಗದ ತರಲು ಮನೆಗೆ!

ಅಘನಾಶಿನಿಯಿಂದ ಬೋಟಿನ ಮಾಲೀಕರೊಬ್ಬರು ಬಂದರು. ಅವರ ಬ್ಯಾಂಕು ಬೇರೆ ಬ್ಯಾಂಕಿನೊಂದಿಗೆ ಸೇರಿ, ಶಾಖೆಯ ಸಂಕೇತ ಬದಲಾಗಿತ್ತು. ಇವರು ಹಳೆಯದನ್ನೇ ಕೊಟ್ಟು ಎಂಟು ತಿಂಗಳಿಂದ ಕಾಯುತ್ತಿದ್ದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಮಾವ ಹೇಳಿಬಿಟ್ಟ: “ಸ್ಟ್ಯಾಂಡೇ ಬೇರೆ ಕಡೆ ಹೋಗ್ಯದೆ ಮಾರಾಯ, ನೀ ಹಳೇ ಸ್ಟ್ಯಾಂಡಲ್ಲಿ ನಿಂತ್ರೆ ಬಸ್ಸು ಬರ್ತದಾ?” ಅವರಿಗೆ ತಕ್ಷಣ ಅರ್ಥವಾಯಿತು. ಐದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನಗೆ ಈ ಮಾತು ಹೊಳೆದಿರಲಿಲ್ಲ!

ಭಟ್ಕಳದಿಂದ ಬಟ್ಟೆ ಅಂಗಡಿಯ ಸಾಹೇಬರು ಬಂದರು. ಮಾವನ ಬಸ್ಸಿನ ಹಳೆಯ ಪ್ರಯಾಣಿಕರು. ಅವರ ರಿಫಂಡನ್ನು ಇಲಾಖೆ ಯಾವುದೋ ಹಳೆಯ ಬಾಕಿಗೆ ವಜಾ ಹಾಕಿಕೊಳ್ಳುತ್ತೇವೆ ಎಂದು ಬರೆದಿತ್ತು. ಆ ಬಾಕಿಯನ್ನು ಅವರು ಎಂದೋ ಕಟ್ಟಿ ಮುಗಿಸಿದ್ದರು. “ಜವಾಬು ಕೊಟ್ರ್ಯಾ?” ಎಂದ ಮಾವ. “ಎಂತಕ್ಕೆ ಕಂಡಕ್ಟರ್ ಸಾಬ್, ಕಟ್ಟಿ ಆಗಿದೆಯಲ್ಲ?” ಎಂದರು ಅವರು. “ಕಟ್ಟಿದ್ದು ನಿಮ್ಗೆ ಗೊತ್ತು. ಅವ್ರಿಗೆ ಚೀಟಿ ತೋರ್ಸಬೇಕಲ್ಲ! ಚೆಕ್ಕಿಂಗಿನವ್ರು ಬಂದಾಗ ‘ನಾ ಟಿಕೆಟ್ ತಕಂಡಿದ್ದೆ’ ಅಂದ್ರೆ ಬಿಡ್ತ್ರಾ?” ಚಲನ್ನು ಹುಡುಕಿ ತಂದು, ಬಾಕಿ ಒಪ್ಪುವುದಿಲ್ಲ ಎಂದು ಉತ್ತರ ಕೊಟ್ಟದ್ದಾಯಿತು. ಅವರ ರಿಫಂಡು ಬಂತು. ಸಾಹೇಬರು ಮಾವನಿಗೊಂದು ಬಿಳಿ ಅಂಗಿಯ ಬಟ್ಟೆ ಕೊಟ್ಟು ಹೋದರು.

ಹೀಗೆ ಭಟ್ಕಳದಿಂದ ಕುಮಟೆಯವರೆಗೆ ಎಲ್ಲರ ರಿಫಂಡು ಬಂತು. ಮಾವನದು ಬರಲಿಲ್ಲ. ಯಾಕೆ ಗೊತ್ತೇ? ಮೂರನೆಯ ವರ್ಷ ಅವನು ಇದ್ದಕ್ಕಿದ್ದಂತೆ ಪಿಂಚಣಿಯ ಖಾತೆಯನ್ನು ತೆಗೆಸಿ ಬೇರೊಂದು ಖಾತೆಯ ನಂಬರು ಕೊಟ್ಟ. ಮೂಲೆಗಳು ಸವೆದ, ಹಳದಿ ಬಣ್ಣಕ್ಕೆ ತಿರುಗಿದ ಪಾಸ್‌ಬುಕ್ಕು. “ಇನ್ನು ರಿಫಂಡು ಇದಕ್ಕೇ ಬರ್ಬೇಕು” ಎಂದ. ನಾನು ಪೋರ್ಟಲ್ಲಿಗೆ ಹಾಕಿ ನೋಡಿದರೆ ಖಾತೆ ನಿಷ್ಕ್ರಿಯ! ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಮುಟ್ಟದ ಖಾತೆಯನ್ನು ಬ್ಯಾಂಕು ಮಲಗಿಸಿಬಿಡುತ್ತದೆ, ಮಲಗಿದ ಖಾತೆಗೆ ಇಲಾಖೆ ದುಡ್ಡು ಹಾಕುವುದಿಲ್ಲ.

“ಮಾವ, ಪಿಂಚಣಿ ಖಾತೆಗೇ ಹಾಕುವಾ. ಐದು ನಿಮಿಷದ ಕೆಲಸ.”

“ಬೇಡ.”

“ಹಾಗಾದರೆ ಈ ಖಾತೆ ಎಬ್ಬಿಸಬೇಕು. ಬ್ಯಾಂಕಿಗೆ ಹೋಗಿ ಆಧಾರು, ಪ್ಯಾನು, ಫೋಟೋ ಕೊಡು.”

“ಕೊಟ್ಟಾಗ್ಯದೆ.”

“ಮತ್ತೆ?”

ಮಾವ ಬಾಗಿಲಿಗೆ ಹೋಗಿ, ಮೆಟ್ಟಿಲಲ್ಲಿ ಯಾರೂ ಇಲ್ಲದಿದ್ದರೂ “ಒಳಗೆ ಬನ್ನಿ, ಒಳಗೆ ಬನ್ನಿ” ಎಂದ.

ಅವನು ಹೋದ ಮೇಲೆ ಮೇಜಿನ ಮೇಲೆ ಬಿಟ್ಟುಹೋದ ಪಾಸ್‌ಬುಕ್ಕನ್ನು ತೆರೆದು ನೋಡಿದೆ. ಮೊದಲ ಪುಟದಲ್ಲಿ ಯಾರೋ ಗುಮಾಸ್ತರು ಮಸಿಯ ಪೆನ್ನಿನಲ್ಲಿ ದುಂಡಗೆ ಬರೆದ ಎರಡು ಹೆಸರುಗಳಿದ್ದವು. ಒಂದು ಮಾವನದು. ಇನ್ನೊಂದು ನಾಗವೇಣಿ. ನನ್ನ ಅಮ್ಮ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜ ತೀರಿಕೊಂಡಿದ್ದರು. ಮನೆಯಲ್ಲಿ ಅಜ್ಜಿ, ಮಾವ, ಅಮ್ಮ ಮೂವರೇ. ಮಾವ ಬೆಳಗಿನ ಮೊದಲ ಬಸ್ಸಿಗೆ ಹೋದರೆ ಬರುವಾಗ ಬ್ಯಾಂಕು ಮುಚ್ಚಿರುತ್ತಿತ್ತು. “ನಾ ಬಸ್ಸಲ್ಲಿರ್ತೆ, ಮನೆಗೆ ಬೇಕಾದ್ರೆ ದುಡ್ಡು ತೆಗ್ಯೂದು ಯಾರು?” ಎಂದು ಆಗಷ್ಟೇ ಹದಿನೆಂಟು ತುಂಬಿದ ತಂಗಿಯನ್ನು ಕರೆದುಕೊಂಡು ಹೋಗಿ ಇಬ್ಬರ ಹೆಸರಿನಲ್ಲಿ ಖಾತೆ ತೆರೆದ. ಅಮ್ಮ ಮದುವೆಯಾಗಿ ಕುಮಟೆಯ ಪಕ್ಕದ ಹೊಳನಗದ್ದೆಗೆ ಬಂದ ಮೇಲೂ ಆ ಖಾತೆ ಹಾಗೇ ಇತ್ತು. ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪ ಹೋದರು. ಅಂದಿನಿಂದ ನನ್ನ ಶಾಲೆಯ ಫೀಸಿನಿಂದ ಹಿಡಿದು ಬಿ.ಕಾಂ. ಮುಗಿಯುವವರೆಗೆ ಎಲ್ಲ ನಡೆದದ್ದು ಆ ಖಾತೆಯಿಂದ. ಮಾವ ಹಾಕುತ್ತಿದ್ದ, ಅಮ್ಮ ತೆಗೆಯುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿದ್ದು ನಾನು ಕೇಳಿಲ್ಲ.

ಆಮೇಲೆ ನನ್ನ ಮದುವೆ ಬಂತು. ಒಂಬತ್ತು ವರ್ಷದ ಹಿಂದೆ. ಸೋದರಮಾವ ಹೆಣ್ಣಿನ ಕೈಹಿಡಿದು ಮಂಟಪಕ್ಕೆ ಕರೆತರಬೇಕಲ್ಲವೇ? ಮಾವ ರಜೆ ಹಾಕಿದ್ದ. ಆದರೆ ಹಿಂದಿನ ದಿನ ಜೊತೆಯ ಕಂಡಕ್ಟರಿಗೆ ಜ್ವರ ಬಂತೆಂದು “ಬೆಳಗಿನ ಒಂದು ಟ್ರಿಪ್ಪು ಹೊಡೆದು ಬತ್ತೆ, ಒಂಬತ್ತಕ್ಕೆಲ್ಲ ಕುಮಟೇಲಿರ್ತೆ” ಎಂದು ಹೋದ. ಮಂಕಿಯ ಹತ್ತಿರ ಲಾರಿಯೊಂದು ಮಗುಚಿ ರಸ್ತೆಗೆ ಅಡ್ಡ ಬಿತ್ತು. ಎರಡೂವರೆ ಗಂಟೆ ಒಂದು ಗಾಡಿಯೂ ಅಲ್ಲಾಡಲಿಲ್ಲ. ಇತ್ತ ಪುರೋಹಿತರು ಗಡಿಯಾರ ನೋಡಿದರು. ಅಮ್ಮ ದಾರಿ ನೋಡಿದಳು. ಕೊನೆಗೆ ಅಮ್ಮನ ದೊಡ್ಡಪ್ಪನ ಮಗನೊಬ್ಬನು ನನ್ನ ಕೈ ಹಿಡಿದು ಕರೆತಂದ. ಧಾರೆ ಮುಗಿದು, ಜನ ಊಟಕ್ಕೆ ಏಳುವ ಹೊತ್ತಿಗೆ ಖಾಕಿ ಅಂಗಿಯಲ್ಲೇ, ಕೊರಳಲ್ಲಿ ಟಿಕೆಟ್ ಮಿಷನ್ನು ನೇತಾಡಿಸಿಕೊಂಡು ಮಾವ ಹಾಲಿನೊಳಗೆ ಓಡಿ ಬಂದ. ಜನ ದಾರಿ ಬಿಟ್ಟರು. ಯಾರೋ ನಕ್ಕರೂ ನಕ್ಕರು. ಅಮ್ಮ ನಗಲಿಲ್ಲ.

“ಬಸ್ಸು ತಪ್ಪಿದ್ರೆ ಇನ್ನೊಂದು ಬರ್ತದೆ. ಮುಹೂರ್ತ ಬರ್ತದಾ?” ಎಂದಳು.

“ಅರವತ್ತು ಜನ ಇದ್ರು ಬಸ್ಸಲ್ಲಿ. ರಸ್ತೆ ಮೇಲೆ ಬಿಟ್ಟು ಬರೂದಾಗಿತ್ತಾ?”

“ಹಂಗಾರೆ ಆ ಅರವತ್ತು ಜನಾನೇ ನಿನ್ನ ಬಳಗ. ಅಲ್ಲಿಗೇ ಹೋಗು.”

ಮಾವ ಊಟ ಮಾಡದೆ ಹೋದ. ಅಮ್ಮ ಕರೆಯಲಿಲ್ಲ. ಅಲ್ಲಿಂದ ಒಂಬತ್ತು ವರ್ಷ ಅಣ್ಣ ತಂಗಿಗೆ ಮಾತಿಲ್ಲ! ಹೊನ್ನಾವರಕ್ಕೂ ಹೊಳನಗದ್ದೆಗೂ ಎಷ್ಟು ದೂರ? ಕಿಟಕಿ ಪಕ್ಕ ಕುಳಿತು ಒಂದು ಕಣ್ಣು ಮುಚ್ಚಿ ತೆರೆದರೆ ಬಂತು. ಆದರೆ ಅವನು ಕುಮಟೆಯ ಸ್ಟ್ಯಾಂಡಿನಿಂದ ಈಚೆ ಬರಲಿಲ್ಲ, ಅವಳು ಕುಮಟೆಯ ಸ್ಟ್ಯಾಂಡಿನಿಂದ ಆಚೆ ಹೋಗಲಿಲ್ಲ. ನಡುವೆ ನಾನು.

ಈಗ ಯೋಚಿಸಿದರೆ ಎಷ್ಟು ದಡ್ಡಿ ನಾನು ಅನ್ನಿಸುತ್ತದೆ. ಪ್ರತಿ ಸೋಮವಾರ ಮಾವ ಹೊರಡುವಾಗ “ಮನೇಲಿ ಎಲ್ಲಾ ಆರಾಮಾ?” ಎಂದು ಕೇಳುತ್ತಿದ್ದ. ನನ್ನ ಗಂಡನನ್ನೂ ಮಗನನ್ನೂ ಬೆಳಿಗ್ಗೆಯೇ ಕೆಳಗೆ ಅಂಗಡಿಯಲ್ಲಿ ಮಾತಾಡಿಸಿ ಬಂದಿರುತ್ತಿದ್ದ, ಆದರೂ ಕೇಳುತ್ತಿದ್ದ. ಆ ‘ಎಲ್ಲಾ’ ಎಂಬುದರೊಳಗೆ ಇರುವುದು ಒಬ್ಬಳೇ ಎಂದು ನನಗೆ ಹೊಳೆಯಬೇಡವೇ? ಇತ್ತ ಅಮ್ಮ. ನನ್ನ ಮನೆ ಅವಳ ಮನೆಯಿಂದ ಎರಡು ಗದ್ದೆ ಆಚೆಗೆ. ದಿನಾ ಬೆಳಿಗ್ಗೆ ನನ್ನ ಬುತ್ತಿ ಅವಳೇ ಕಟ್ಟಿ ಕೊಡುತ್ತಾಳೆ. ಮಂಗಳವಾರದಿಂದ ಶನಿವಾರದವರೆಗೆ ಒಂದು ಡಬ್ಬಿ. ಸೋಮವಾರ ಎರಡು. ಜೊತೆಗೆ ಒಣ ಸಿಗಡಿ ಚಟ್ನಿ, ಮಾವನಿಗೆ ಪ್ರಾಣವಾದದ್ದು. ನಾನು ಸಿಗಡಿ ತಿನ್ನುವುದಿಲ್ಲ ಎಂದು ಹೆತ್ತವಳಿಗೆ ಗೊತ್ತಿಲ್ಲವೇ?

“ಯಾರಿಗಮ್ಮ ಇದು?” ಎಂದು ಒಮ್ಮೆ ಕೇಳಿದೆ.

“ಆಫೀಸಿಗೆ” ಎಂದಳು. ಆಫೀಸು ಸಿಗಡಿ ಚಟ್ನಿ ತಿನ್ನುತ್ತದೆ!

ಸಂಜೆ ಖಾಲಿ ಡಬ್ಬಿ ತೊಳೆಯುತ್ತ, “ಚಟ್ನಿ ಖಾರ ಆಗಿತ್ತಾ ಎಂತ?” ಎನ್ನುತ್ತಿದ್ದಳು. “ಆಫೀಸು ಏನೂ ಹೇಳಲಿಲ್ಲ” ಎನ್ನುತ್ತಿದ್ದೆ ನಾನು.

ಪಾಸ್‌ಬುಕ್ಕು ನೋಡಿದ ಮುಂದಿನ ಸೋಮವಾರ ಮಾವನನ್ನು ಹಿಡಿದು ಕೂರಿಸಿದೆ. ಬ್ಯಾಂಕಿನವರು ಏನೆಂದರು ಎಂದು ನೇರವಾಗಿ ಕೇಳಿದೆ. ಅವನು ಜೇಬಿನಿಂದ ನಾಲ್ಕು ಮಡಿಕೆಯ ಫಾರ್ಮು ತೆಗೆದು ಮೇಜಿನ ಮೇಲಿಟ್ಟ. ಅವನ ಅರ್ಧ ತುಂಬಿ, ಫೋಟೋ ಅಂಟಿಸಿ, ಸಹಿಯಾಗಿತ್ತು. ಇನ್ನರ್ಧ ಖಾಲಿ. “ಇಬ್ರೂ ಬಂದು ಸಹಿ ಹಾಕ್ಬೇಕಂತೆ” ಎಂದ, ನನ್ನ ಮುಖ ನೋಡದೆ. “ಕಾನೂನು. ನಾ ಎಂತ ಮಾಡೂಕೆ ಆಗ್ತದೆ?”

ಕಾನೂನಂತೆ! ತೆರಿಗೆಯ ಅಷ್ಟೂ ಕಾನೂನುಗಳಲ್ಲಿ ನನ್ನ ಮಾವನಿಗೆ ಇಷ್ಟವಾದದ್ದು ಇದೊಂದೇ ಇರಬೇಕು. ಪಿಂಚಣಿಯ ಖಾತೆಗೆ ಬಂದರೆ ರಿಫಂಡು ಅವನೊಬ್ಬನದು. ಈ ಖಾತೆಗೆ ಬರಬೇಕಾದರೆ ತಂಗಿ ಬರಲೇಬೇಕು. ಸರ್ಕಾರವೇ ಕರೆದರೆ ಅವಳಿಗೂ ಮರ್ಯಾದೆ, ಇವನಿಗೂ ಮರ್ಯಾದೆ. ಎರಡು ವರ್ಷ ಅವನು ಕಾದದ್ದು ಇಲಾಖೆಯ ಮೆಸೇಜಿಗಲ್ಲ.

ಫಾರ್ಮನ್ನು ಮನೆಗೆ ಒಯ್ದೆ. ಅಮ್ಮ ಎರಡೂ ಕಡೆ ತಿರುಗಿಸಿ ನೋಡಿದಳು. ಅಣ್ಣನ ಫೋಟೋವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. “ತಲೆ ಪೂರಾ ಬೆಳ್ಳಗಾಗ್ಯದೆ” ಎಂದಳು. ಆಮೇಲೆ ಅದನ್ನು ಅಕ್ಕಿಡಬ್ಬಿಯ ಅಡಿಗೆ ಸರಿಸಿದಳು. “ಅವನಿಗೆ ಬಾಯಿಲ್ಲವಾ? ಕರೀಲಿ.”

ಮಾವನಿಗೆ ಹೇಳಿದೆ. “ನಾ ಕರ್ದು ಅವ್ಳು ಬರದಿದ್ರೆ?” ಎಂದ. ಅಷ್ಟೇ. ಅಂದು ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಕರೆಯಲಿಲ್ಲ.

ನಾಲ್ಕನೆಯ ವರ್ಷದ ರಿಟರ್ನಿನಲ್ಲೂ ಅದೇ ಖಾತೆ, ಅದೇ ‘ವಿಫಲ’. ಹೀಗೆಯೇ ಎಷ್ಟು ದಿನ ನಡೆಯುತ್ತಿತ್ತೋ. ಒಂದು ಸೋಮವಾರ ಮಾವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಬ್ಯಾಂಕಿನ ಲಕೋಟೆ. ಖಾತೆ ಹತ್ತು ವರ್ಷ ಹೀಗೇ ಮಲಗಿದರೆ ಅದರಲ್ಲಿರುವ ಹಣ ಸರ್ಕಾರದ ಯಾವುದೋ ನಿಧಿಗೆ ಹೋಗುತ್ತದೆ, ಅದಕ್ಕೂ ಮೊದಲು ಬಂದು ಚಾಲ್ತಿ ಮಾಡಿಕೊಳ್ಳಿ ಎಂಬ ನೋಟಿಸು. ಅದರಲ್ಲಿದ್ದದ್ದು ಒಂದು ತಿಂಗಳ ಕಿರಾಣಿಗೂ ಸಾಲದಷ್ಟು. ಹೋದರೂ ಕೇಳಿ ಪಡೆಯಬಹುದು ಮಾವ, ಹೆದರಬೇಡ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

“ಖಾತೆ ಮುಚ್ತ್ರಂತೆ ತಂಗೀ” ಎಂದ. “ಇದನ್ನ ತಕಂಡು ಹೋಗು. ಅವ್ಳಿಗೆ ತೋರ್ಸು. ನಾ ಹೇಳ್ದೆ ಅನ್ನು. ನಾನೇ ಕರ್ದೆ ಅನ್ನು.”

ಅಂದು ಸಂಜೆ ಅಮ್ಮ ಲಕೋಟೆಯೊಳಗಿನ ಕಾಗದವನ್ನು ತೆಗೆಯಲೂ ಇಲ್ಲ. ಲಕೋಟೆಯ ಮೇಲಿನ ವಿಳಾಸವನ್ನಷ್ಟೇ ನೋಡುತ್ತ ಕುಳಿತಳು. ಒಂದೇ ಸಾಲಿನಲ್ಲಿ ಎರಡೂ ಹೆಸರು, ನಡುವೆ ‘ಮತ್ತು’. ಆಮೇಲೆ ಎದ್ದು ಅಕ್ಕಿಡಬ್ಬಿ ಸರಿಸಿದಳು. “ನಾಳೆ ಬ್ಯಾಂಕು ಎಷ್ಟು ಹೊತ್ತಿಗೆ ತೆಗೀತ್ರು?”

ಮರುದಿನ ಅಮ್ಮನೂ ನಾನೂ ಕುಮಟೆಯಲ್ಲಿ ಬಸ್ಸು ಹತ್ತಿದೆವು. ಮಾವನಿಗೆ ಹೊನ್ನಾವರದ ಬ್ಯಾಂಕಿನ ಬಾಗಿಲಲ್ಲಿ ನಿಂತಿರು ಎಂದಿದ್ದೆ. ಬಸ್ಸು ಹೊರಟಿತು. ತಿರುಗಿ ನೋಡಿದರೆ ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟು ಯಾರು ನಿಂತಿದ್ದಾರೆ? ಸಾಹೇಬರು ಕೊಟ್ಟ ಬಿಳಿ ಬಟ್ಟೆಯ ಹೊಸ ಅಂಗಿ ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿ, ನಮ್ಮ ಮಾವ! ತಂಗಿ ಬರುವ ಬಸ್ಸು ದಾರಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಎಂದು ಬೆಳಿಗ್ಗೆಯೇ ಹೊನ್ನಾವರದಿಂದ ಬಂದು ನಮ್ಮದೇ ಬಸ್ಸು ಹತ್ತಿದ್ದ. “ನಂಗೆ ಇಲ್ಲೇ ಸ್ವಲ್ಪ ಕೆಲಸ ಇತ್ತು” ಎಂದ ನನಗೆ. ಅಮ್ಮ ಕಿಟಕಿಯ ಕಡೆ ತಿರುಗಿದಳು. ಕಂಡಕ್ಟರು ಹುಡುಗ ಬಂದು ಅಮ್ಮನಿಗೂ ನನಗೂ ದುಡ್ಡಿಲ್ಲದ ಶೂನ್ಯ ಟಿಕೆಟ್ಟು ಹರಿದುಕೊಟ್ಟ. ಮಾವ ಅದನ್ನೇ ನೋಡುತ್ತಿದ್ದ, ಎಷ್ಟು ನೋಡಿದರೂ ಅವನಿಗೆ ಆ ದೃಶ್ಯ ಒಗ್ಗಿಲ್ಲ.

ಧಾರೇಶ್ವರ ಹೋಯಿತು, ಹಳದೀಪುರ ಹೋಯಿತು. ಕೊನೆಗೆ “ಕರ್ಕಿ, ಕರ್ಕಿ! ಹಿಂದೆ ಯಾರಾದ್ರೂ ಇದ್ರಾ?” ಎಂದು ಆ ಪರಿಚಿತ ಗಂಟಲು ಕೇಳಿತು.

ಅಮ್ಮ ಕಿಟಕಿಯ ಸರಳಿಗೆ ಹೇಳಿದಳು: “ಕೂತ್ಕೊಳೂಕೆ ಹೇಳೇ ಅವನಿಗೆ. ಕಾಲು ನೋಯೂದಿಲ್ಲವಾ?”

ನಾನು ತಿರುಗಿ ಹೇಳುವ ಮೊದಲೇ ಮಾವ ಕುಳಿತಿದ್ದ. ನಮ್ಮ ಹಿಂದಿನ ಸೀಟಿನಲ್ಲಿ. ಬಸ್ಸಿನಲ್ಲಿ ಅವನು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಕುಳಿತಿದ್ದ.

ರಿಫಂಡಿನ ಕತೆ ಏನಾಯಿತು ಎಂದು ನೀವು ಚಡಪಡಿಸಬಾರದೆಂದು ಇಲ್ಲೇ ಹೇಳಿಬಿಡುತ್ತೇನೆ. ಖಾತೆಗೆ ಜೀವ ಬಂತು. ಪೋರ್ಟಲ್ಲಿನಲ್ಲಿ ಮೌಲ್ಯೀಕರಣವಾಯಿತು. ರಿಫಂಡು ಮತ್ತೆ ಕಳಿಸಿ ಎಂದು ಕೋರಿಕೆ ಹಾಕಿದೆ, ಮಾವನೇ ಒಂದು ಬೆರಳಿನಿಂದ ಓಟಿಪಿ ಒತ್ತಿದ, ಕೆಲವು ವಾರಗಳಲ್ಲಿ ಎರಡು ವರ್ಷದ್ದೂ ಬಂತು. ಇಲಾಖೆಯವರು ನಿಟ್ಟುಸಿರು ಬಿಟ್ಟಿರಬೇಕು. ನನಗೆ ಹೇಳಬೇಕಾದದ್ದು ಮಾತ್ರ ಅದಲ್ಲ, ಅಂದು ಬ್ಯಾಂಕಿನಲ್ಲಿ ನಡೆದದ್ದು.

ಕೌಂಟರಿನಲ್ಲಿ ಹೊರ ರಾಜ್ಯದ ಹುಡುಗಿಯೊಬ್ಬಳು ಅಧಿಕಾರಿಯಾಗಿದ್ದಳು. ಕನ್ನಡವನ್ನು ಎಚ್ಚರಿಕೆಯಿಂದ, ಒಂದೊಂದೇ ಪದ ಹೆಕ್ಕಿ ಆಡುತ್ತಿದ್ದಳು. ಅಮ್ಮ ಫಾರ್ಮಿನಲ್ಲಿ ಸಹಿ ಹಾಕಿದಳು. ಹುಡುಗಿ ಪರದೆ ನೋಡಿದಳು, ಫಾರ್ಮು ನೋಡಿದಳು. “ಸಹಿ ಸರಿ ಇಲ್ಲ ಅಮ್ಮ. ಖಾತೆ ತೆರೆದಾಗ ಬೇರೆ ಥರ ಇದೆ. ಹಾಗೇ ಮಾಡಬೇಕು.”

“ನಲವತ್ತು ವರ್ಷದ ಹಿಂದೆ ಹೆಂಗೆ ಹಾಕಿದ್ನೋ, ಈಗ ಯಾರಿಗೆ ನೆನಪಿರ್ತದೆ?” ಎಂದಳು ಅಮ್ಮ. ಮದುವೆಯ ಮೇಲೆ ಅಪ್ಪನ ಹೆಸರಿನ ಅಕ್ಷರ ಸೇರಿಸಿ ಅವಳ ಸಹಿಯೇ ಬೇರೆಯಾಗಿತ್ತು. ತೋರಿಸಿ ಎಂದರೆ ತೋರಿಸುವ ಹಾಗಿಲ್ಲ ಎಂದಳು ಹುಡುಗಿ. ಅಮ್ಮ ಪೆನ್ನು ಕೆಳಗಿಟ್ಟಳು. ಇಷ್ಟು ದೂರ ಬಂದು, ಒಂಬತ್ತು ವರ್ಷ ದಾಟಿ ಬಂದು, ಇನ್ನು ತಿರುಗಿ ಹೋಗುವುದೇ ಎಂದು ನಾನು ಆ ಪೆನ್ನನ್ನು ಮತ್ತೆ ಅಮ್ಮನ ಕಡೆ ಸರಿಸಿದೆ.

“ನಂಗೆ ನೆನಪದೆ” ಎಂದ ಮಾವ.

ಅಮ್ಮ ತಲೆ ಎತ್ತಲಿಲ್ಲ.

“ಕನ್ನಡದಲ್ಲಿ ಹಾಕಿದ್ದೆ. ನಾಗವೇಣಿ, ಪೂರ್ತಿ. ಬರೇ ಹೆಸ್ರು ಬರ್ದ್ರೆ ಸಹಿ ಹೆಂಗಾಗ್ತದೆ ಅಂತ ನೀನೇ ಯೋಚ್ನೆ ಮಾಡಿ, ‘ಣಿ’ ಮೇಲಿನ ಗುಡಿಸನ್ನ ದೊಡ್ಡಕೆ ಸುತ್ತಿದ್ದೆ. ಹಿಂದಿನ ಅಕ್ಷರದ ಮೇಲೆಲ್ಲ ಬರೂ ಹಾಗೆ, ಕೊಡೆ ಹಿಡ್ದ ಹಾಗೆ. ಕೆಳಗೆ ಎರಡು ಚುಕ್ಕಿ. ಗುಮಾಸ್ತರು ‘ಎಂತದು ಹುಡುಗಿ, ರಂಗೋಲಿ ಹಾಕ್ತ್ಯಾ’ ಅಂದ್ರು. ನಿಂಗೆ ಅಳು ಬಂದಿತ್ತು.”

ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಫಾರ್ಮಿನ ಅಂಚು ಹಾರುತ್ತಿತ್ತು. ಮಾವ ಎರಡು ಬೆರಳಿನಿಂದ ಅದನ್ನು ಒತ್ತಿ ಹಿಡಿದ. ಅಮ್ಮ ಪೆನ್ನು ತೆಗೆದುಕೊಂಡಳು. ನಾ, ಗ, ವೇ. ನಿಧಾನವಾಗಿ, ಹದಿನೆಂಟು ವರ್ಷದವಳ ಹಾಗೆ ಬರೆದು, ‘ಣಿ’ಯ ಮೇಲೆ ಕೊಡೆ ಬಿಡಿಸಿ, ಕೆಳಗೆ ಎರಡು ಚುಕ್ಕಿ ಇಟ್ಟಳು. ಹುಡುಗಿ ಪರದೆ ನೋಡಿ ನಕ್ಕಳು. “ಸರಿ ಇದೆ!”

ಆಮೇಲೆ ಅವಳು ಫಾರ್ಮಿನ ಕೊನೆಯ ಖಾಲಿ ಜಾಗದ ಮೇಲೆ ಪೆನ್ನಿಟ್ಟು, ಅಮ್ಮನ ಕಡೆ ನೋಡಿ, ಕಲಿತ ಕನ್ನಡದಲ್ಲಿ ತಿದ್ದಿ ತಿದ್ದಿ ಕೇಳಿದಳು: “ಇವರು ನಿಮಗೆ ಏನಾಗಬೇಕು?”

ಮಾವ ಫ್ಯಾನು ನೋಡುತ್ತಿದ್ದ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅಣ್ಣ” ಎಂದಳು.

ಅವಳು ಹೇಳಿದ್ದು ಆ ಹುಡುಗಿಗೆ. ಮಾವ ಮಾತ್ರ ತಟ್ಟನೆ ತಿರುಗಿ “ಓ” ಎಂದ.